ಗೋಡೆಯ ಪ್ಲಗ್ಗಿನಿಂದ ಲೆಕ್ಕ ಶುರು

ಟಾರ್ಚಿನ ಬೆಳಕನ್ನು ಜಾಲರಿಯೊಳಗೆ ಬಿಟ್ಟರೆ ಮೊದಲು ಕಾಣುವುದು ಮಸಿ. ಆಮೇಲೆ, ತಲೆ ಉಬ್ಬಿ ಸೀಳಿದ ಒಂದು ಕೆಪ್ಯಾಸಿಟರ್. ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ಕಾರ್ಕಳದ ಆನೆಕೆರೆಯ ಹತ್ತಿರದ ಈ ಮನೆ ನನ್ನ ಅಳಿಯನ ಕಾಲೇಜು ಗೆಳೆಯನದು. ಮೊನ್ನೆ ಸಂಜೆ ಸಿಡಿಲು ಹೊಡೆದಾಗ ಚಾಲೂ ಇದ್ದ ಅವನ ಕಂಪ್ಯೂಟರ್ ಈಗ ಪಕ್ಕದ ಬಾಗಿಲು ತೆಗೆಸಿಕೊಂಡು ಊಟದ ಮೇಜಿನ ಮೇಲೆ ಅಡ್ಡ ಮಲಗಿದೆ. 2025ರ ಅಕ್ಟೋಬರ್, ದೀಪಾವಳಿಗೆ ಎರಡು ದಿನ ಇರುವ ಶನಿವಾರ.

ಅಳಿಯ ಕರೆಂಟ್ ಪೂರೈಸುವ ಡಬ್ಬಿಯಾದ ಎಸ್‌ಎಂಪಿಎಸ್ಸಿನ ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ಹೊರಗೆಳೆಯುತ್ತಾನೆ. ಡಬ್ಬಿ ತೆರೆಯಲು ನಾನು ಬಿಡುವುದಿಲ್ಲ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರಬಹುದು. ಕೈಯಲ್ಲಿ ತೂಗಿದರೆ ತೀರಾ ಹಗುರ. ಮೇಲೆ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದಿದೆ.

“ಅದಲ್ಲ, ಕೆಳಗಿನ ಸಣ್ಣ ಅಕ್ಷರ ಓದು.”

“12 ವೋಲ್ಟಿಗೆ 14 ಆಂಪಿಯರ್, ಮಾಮ.”

ಗುಣಿಸಿದರೆ 168 ವ್ಯಾಟ್. ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಬಲ ಬರುವುದು ಮುಖ್ಯವಾಗಿ ಈ 12 ವೋಲ್ಟಿನ ಸಾಲಿನಿಂದ. ಹೊರಗೆ 450 ಎಂದು ಬರೆದು ಒಳಗೆ ಅದರ ಅರ್ಧವನ್ನೂ ಕೊಡದ ಡಬ್ಬಿಯಿದು. ಕ್ಯಾಬಿನೆಟ್ಟಿನ ಜೊತೆಗೇ ಬಂದದ್ದಂತೆ. ಅದು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಿದೆ. ಗೋಡೆಯ ಬಳಿ ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನು ತಿರುಗಿಸಿ ನೋಡುತ್ತೇನೆ. ಮೂರು ತೂತು ಇದೆ, ಆದರೆ ಮೇಲಿನ ತೂತಿಗೆ ವಯರೇ ಇಲ್ಲ. ಮುರಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ಅರ್ಥಿಂಗ್ ಸರಿಯಾಗಿ ಕೂರಿಸುವುದೇ ಕಷ್ಟ. ಇಲ್ಲಿ ಅಷ್ಟರವರೆಗೆ ಯಾರೂ ಹೋಗಿಯೇ ಇಲ್ಲ.

ಗೆಳೆಯ ಮಾತಾಡುವುದಿಲ್ಲ. ಅವನಿಗೆ ಅದು ವರ್ಷಗಟ್ಟಲೆ ಕೂಡಿಟ್ಟ ದುಡ್ಡು.

ಬಸ್ ಜೋಡುರಸ್ತೆ ದಾಟಿ ಬೈಲೂರಿನ ಕಡೆ ಓಡುವಾಗ ಅಳಿಯ ತಾನು ಕೊಳ್ಳಲಿರುವ ಕಂಪ್ಯೂಟರಿನ ಚೀಟಿಯನ್ನು ಜೇಬಿನಿಂದ ತೆಗೆಯುತ್ತಾನೆ. ಒಟ್ಟು 50 ಸಾವಿರ: ರಜೆಯಲ್ಲಿ ದುಡಿದದ್ದು, ಅಜ್ಜಿ ಕೊಟ್ಟದ್ದು, ಅವನ ಅಮ್ಮ ಅಂದರೆ ನನ್ನ ಅಕ್ಕ ಸೇರಿಸಿದ್ದು. ಮಾನಿಟರ್ ಕಾಪುವಿನ ಮನೆಯಲ್ಲಿ ಉಂಟು, 1080ಪಿ. ಹಾಗಾಗಿ 4ಕೆ ಮಾತು ಬಿಟ್ಟುಬಿಡಬಹುದು. ಆಡುವುದು ವ್ಯಾಲರಂಟ್, ಜಿಟಿಎ 5, ಫೋರ್ಜಾ ಹೊರೈಜನ್. ಅದಕ್ಕಿಂತ ಹೆಚ್ಚಾಗಿ ಅವನಿಗೆ ಬ್ಲೆಂಡರ್, ಯೂನಿಟಿ ಕಲಿಯಬೇಕು. ಆಟ ಆಡುವುದಷ್ಟೇ ಅಲ್ಲ, ಮಾಡಬೇಕು. ಅದು ಈ ಊರಿಗೆ ಹೊಸ ಆಸೆಯೇನೂ ಅಲ್ಲ. 1996ರಲ್ಲಿ ರೋಹಿತ್ ಭಟ್ ಉಡುಪಿಯಲ್ಲಿ ರೋಬೋಸಾಫ್ಟ್ ಕಟ್ಟಿದರು. ಅವರದೇ 99ಗೇಮ್ಸ್ 2013ರಲ್ಲಿ ‘ಧೂಮ್ 3’ ಆಟವನ್ನೂ 2014ರಲ್ಲಿ ‘ಸ್ಟಾರ್ ಶೆಫ್’ ಆಟವನ್ನೂ ಉಡುಪಿಯಲ್ಲೇ ಕೂತು ಮಾಡಿ ಲೋಕಕ್ಕೆ ಕಳಿಸಿತು. ಅಳಿಯನಿಗೆ ಈ ಇಸವಿಗಳೆಲ್ಲ ಬಾಯಿಪಾಠ.

ಚೀಟಿಯ ಮೊದಲ ಸಾಲಿನಲ್ಲಿ ಗ್ರಾಫಿಕ್ಸ್ ಕಾರ್ಡ್, ಕೊನೆಯಲ್ಲಿ ಎಸ್‌ಎಂಪಿಎಸ್. ಹಿರಿಯಡಕ ಬರುವಷ್ಟರಲ್ಲಿ ಅವನೇ ಪೆನ್ನು ತೆಗೆದು ಕೊನೆಯ ಸಾಲಿನಿಂದ ಮೇಲಕ್ಕೊಂದು ಬಾಣ ಎಳೆಯುತ್ತಾನೆ. ನಾನು ಹೇಳಬೇಕೆಂದಿದ್ದದ್ದೂ ಅಷ್ಟೆ. ಮಳೆಗೆ ಮುಂಚೆ ಏಪ್ರಿಲ್–ಮೇ, ಮಳೆ ಹಿಂದೆ ಸರಿಯುವಾಗ ಅಕ್ಟೋಬರ್–ನವೆಂಬರ್, ಎರಡೂ ಸಲ ಸಿಡಿಲು. ನಡುವಿನ ನಾಲ್ಕು ತಿಂಗಳು ತೇವ. ಕಡಲ ಬದಿಗೆ ವರ್ಷವಿಡೀ ಉಪ್ಪು ಗಾಳಿ. ಬೇರೆ ಊರಿನವರು ವಿಡಿಯೋದಲ್ಲಿ ಹೇಳುವ ಪಟ್ಟಿಯನ್ನು ಹಾಗೆಯೇ ಇಲ್ಲಿಗೆ ತಂದರೆ ಸಾಲದು. ಇಲ್ಲಿ ಲೆಕ್ಕ ಗೋಡೆಯ ಪ್ಲಗ್ಗಿನಿಂದ ಶುರುವಾಗಬೇಕು.

ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಇಳಿದು ಈಶ್ವರನಗರದ ಕಡೆ ನಡೆಯುತ್ತೇವೆ. ಮೂರನೇ ಮಹಡಿಯ ರೂಮು, ಪೂನಾದ ಹುಡುಗ. ಹೊಸ ಕಾರ್ಡ್ ಹಾಕಿಸಿಕೊಂಡಿದ್ದಾನೆ, ಹಳೆಯ ಆರ್‌ಎಕ್ಸ್ 6600 ಮಾರಾಟಕ್ಕಿದೆ. ಬೆಲೆ 13 ಸಾವಿರ, ಬಿಲ್ಲು ಉಂಟು. ಬಿಲ್ಲಿನ ತಾರೀಕು 2023. ಅಳಿಯ ಅದನ್ನು ಎರಡು ಸಲ ನೋಡುತ್ತಾನೆ, ಕಾರಣ ಉಂಟು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ತನ್ನ ಪದ್ಧತಿ ಬದಲಿಸಿದಾಗ ಕಾರ್ಡುಗಳಲ್ಲಿ ಆ ನಾಣ್ಯ ಗಣಿ ಮಾಡುವುದು ನಿಂತು, ಹಗಲೂರಾತ್ರಿ ದುಡಿದ ಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಸಂತೆಗೆ ಸುರಿದವು. ಈ ಕಾರ್ಡನ್ನು ಕೊಂಡದ್ದು ಅದರ ನಂತರ.

ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ಕೇಬಲ್ ಚುಚ್ಚುವ ತಗಡಿನ ಅಂಚಿನಲ್ಲಿ ಕಂದು ಚುಕ್ಕೆಗಳು ಬಂದಿವೆಯೇ? ಇಲ್ಲ. ಸ್ಕ್ರೂ ತಲೆಗಳಲ್ಲಿ ತುಕ್ಕು? ಒಂದರಲ್ಲಿ ಮಾತ್ರ, ಚೂರೇ ಚೂರು. ಮದರ್‌ಬೋರ್ಡಿಗೆ ಕೂರುವ ಚಿನ್ನದ ಬಣ್ಣದ ಪಟ್ಟಿಗಳನ್ನು ಅಳಿಯ ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಒಂದೊಂದಾಗಿ ನೋಡುತ್ತಾನೆ. ಎಲ್ಲೂ ಹಸಿರು ಕಿಲುಬಿಲ್ಲ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಕರಕರ ಸದ್ದಿಲ್ಲ. ಹುಡುಗ ತಾನೇ ಮುಂದಾಗಿ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿ ಕಾಲು ಗಂಟೆ ಪೂರ್ತಿ ಭಾರ ಹೊರಿಸಿ ತೋರಿಸುತ್ತಾನೆ. ನಾವು ಮೂವರೂ ಪರದೆಯ ಮೂಲೆಯ ಅಂಕಿ ನೋಡುತ್ತ ನಿಲ್ಲುತ್ತೇವೆ. 70 ಡಿಗ್ರಿಗೆ ಬಂದು ಅಲ್ಲೇ ನಿಂತಿತು. ಪರದೆಯಲ್ಲಿ ಗೆರೆಯಿಲ್ಲ, ಮಿನುಗಿಲ್ಲ. ನಾಲ್ಕೂ ಪೋರ್ಟುಗಳಿಗೆ ಕೇಬಲ್ ಬದಲಿಸಿ ನೋಡಿಯೇ ಅಳಿಯ ದುಡ್ಡು ಕೊಡುತ್ತಾನೆ.

6600 ಯಾಕೆ? 1080ಪಿ ಮಾನಿಟರಿಗೆ 8 ಜಿಬಿ ಮೆಮೊರಿಯ ಈ ಕಾರ್ಡ್ ಸಾಕು, ಮತ್ತು ಇದರ ಗರಿಷ್ಠ ಬಳಕೆ 132 ವ್ಯಾಟ್ ಮಾತ್ರ. ಆರ್‌ಟಿಎಕ್ಸ್ 3060ಗೆ 170 ಬೇಕು. ಬ್ಲೆಂಡರಿಗೆ ಆ 3060 ನಿಜಕ್ಕೂ ಒಳ್ಳೆಯದು, 12 ಜಿಬಿಯೂ ಉಂಟು. ಆದರೆ ಸರಿಯಾದದ್ದು ಈ ಬೆಲೆಗೆ ಸಿಗಲಿಲ್ಲ. ಬಳಕೆ ಕಡಿಮೆಯಾದಷ್ಟೂ ಯುಪಿಎಸ್ ಸಣ್ಣದು ಸಾಕಾಗುತ್ತದೆ. ಗೋಡೆಯಿಂದ ಶುರುವಾದ ಲೆಕ್ಕ ಕಾರ್ಡಿನವರೆಗೂ ಬಂದು ಮುಟ್ಟುವುದು ಹೀಗೆ.

ಇಂದ್ರಾಳಿ, ಕಡಿಯಾಳಿ, ಕಲ್ಸಂಕ. ಉಡುಪಿಯ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹಬ್ಬದ ವ್ಯಾಪಾರ ಒಂದು ಕಡೆ. ವಿಂಡೋಸ್ 10ರ ಬೆಂಬಲ ಈ ತಿಂಗಳ 14ಕ್ಕೆ ಮುಗಿದದ್ದರಿಂದ ಹಳೆಯ ಯಂತ್ರ ಹೊತ್ತು ತಂದವರು ಇನ್ನೊಂದು ಕಡೆ. ಕೌಂಟರಿನವರು ಚೀಟಿ ಓದಿ, “ರ‍್ಯಾಮ್ ಇವತ್ತೇ ತಗೊಳ್ಳಿ, ಮುಂದಿನ ವಾರದ ರೇಟು ನಾನು ಹೇಳುದಿಲ್ಲ” ಎನ್ನುತ್ತಾರೆ. ಗಿರಾಕಿಯನ್ನು ಅವಸರಪಡಿಸುವ ಮಾತಲ್ಲ ಅದು. ಡಿಡಿಆರ್4 ತಯಾರಿಕೆಯನ್ನು ದೊಡ್ಡ ಕಂಪನಿಗಳು ಕಡಿಮೆ ಮಾಡುತ್ತಿವೆ. ಎಐ ಡೇಟಾ ಸೆಂಟರುಗಳು ಕೇಳುವ ಮೆಮೊರಿಯಲ್ಲಿ ಲಾಭ ಹೆಚ್ಚು, ಕಾರ್ಖಾನೆಗಳು ಅತ್ತ ತಿರುಗಿವೆ. ಕಾಪುವಿನ ಹುಡುಗನ ಚೀಟಿಯಲ್ಲಿ ಒಂದು ಸಾಲಿನ ಬೆಲೆ ಏರುವುದಕ್ಕೆ ಕಾರಣ ಅಷ್ಟು ದೂರದಲ್ಲಿದೆ. 8 ಜಿಬಿಯ ಎರಡು ಕಡ್ಡಿ ತೆಗೆದಿಡಿಸುತ್ತೇವೆ. ಒಂದೇ 16 ಜಿಬಿ ಬೇಡ, ಎರಡಿದ್ದರೆ ಎರಡು ದಾರಿಯಲ್ಲಿ ಓಡುತ್ತದೆ.

ಪ್ರೊಸೆಸರಿನ ಬಳಿ ಚರ್ಚೆ ಸ್ವಲ್ಪ ಉದ್ದವಾಗುತ್ತದೆ. ರೈಜನ್ 5 5600ಜಿ ತೆಗೆದುಕೊಂಡರೆ ಒಳಗೇ ಗ್ರಾಫಿಕ್ಸ್ ಉಂಟು. ಕಾರ್ಡ್ ಕೊಳ್ಳಲು ದುಡ್ಡಿಲ್ಲದವರು ಅದರಲ್ಲೇ ವ್ಯಾಲರಂಟ್ ಚೆನ್ನಾಗಿ ಆಡಬಹುದು. ಜಿ ಇಲ್ಲದ 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಬದಲಿಗೆ ಎಲ್3 ಕ್ಯಾಶ್ ಇಮ್ಮಡಿ, 16 ಎಂಬಿ ಇರುವಲ್ಲಿ 32. ಕಾರ್ಡ್ ಜೊತೆಗಿದ್ದರೆ ಆಟಕ್ಕೆ ಇದೇ ಮೇಲು. ಆದರೆ ಹಳೆಯ ಕಾರ್ಡ್ ನಾಳೆ ಕೈಕೊಟ್ಟರೆ ಪರದೆಯೇ ಬಾರದು. ಅಳಿಯ ಯೋಚಿಸಿ 5600 ಎನ್ನುತ್ತಾನೆ. ಬೋರ್ಡ್ ಬಿ450; ಪೆಟ್ಟಿಗೆಯ ಮೇಲೆ ರೈಜನ್ 5000ಕ್ಕೆ ಸಿದ್ಧ ಎಂಬ ಸ್ಟಿಕ್ಕರ್ ಇದೆಯೇ ಎಂದು ನೋಡಿಕೊಳ್ಳುತ್ತೇವೆ, ಇಲ್ಲದಿದ್ದರೆ ಹಳೆಯ ಬಯೋಸ್ ಈ ಪ್ರೊಸೆಸರನ್ನು ಗುರುತಿಸದೆ ಹೋಗಬಹುದು. ಎಸ್‌ಎಸ್‌ಡಿ 1 ಟಿಬಿ ಇದ್ದದ್ದು 500 ಜಿಬಿಗೆ ಇಳಿಯುತ್ತದೆ.

ಬಣ್ಣದ ಫ್ಯಾನುಗಳ, ಮುಂದೆ ಗಾಜಿನ ಕ್ಯಾಬಿನೆಟ್ ಮೇಲೆ ಅವನ ಕಣ್ಣು ಇನ್ನೂ ಇದೆ. ವಯಸ್ಸೇ ಅಂಥದ್ದು, ನನಗೂ ಚಂದವೇ ಕಾಣುತ್ತದೆ. ಆದರೆ ಅದರ ಮುಂದೆ ಕೈ ಹಿಡಿದರೆ ಗಾಳಿ ಒಳಗೆ ಹೋಗುವ ಸಂದೇ ಕಡಿಮೆ. ಮುಂದೆ ಜಾಲರಿ ಇರುವ ಸಾದಾ ಕ್ಯಾಬಿನೆಟ್ಟಿಗೆ ಒಪ್ಪುತ್ತಾನೆ. ಹೀಗೆ ಬೋರ್ಡಿನಲ್ಲಿ, ಎಸ್‌ಎಸ್‌ಡಿಯಲ್ಲಿ, ಗಾಜಿನಲ್ಲಿ ಉಳಿದದ್ದೆಲ್ಲ ಸೇರಿ 550 ವ್ಯಾಟಿನ, 80 ಪ್ಲಸ್ ಬ್ರಾಂಜ್ ಎಸ್‌ಎಂಪಿಎಸ್ ಮತ್ತು 600 ವಿಎ ಯುಪಿಎಸ್ ಆಗುತ್ತದೆ. ಬೆಳಿಗ್ಗೆಯ ಅಭ್ಯಾಸದಿಂದ ಅವನು ನೇರ ಸಣ್ಣ ಅಕ್ಷರಕ್ಕೇ ಹೋಗುತ್ತಾನೆ: 12 ವೋಲ್ಟಿಗೆ 45 ಆಂಪಿಯರ್, 540 ವ್ಯಾಟ್.

ನಾನು ಒಂದು ಕೋರಿಕೆ ಮುಂದಿಡುತ್ತೇನೆ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಿಂದ ಕೊಡುವ ಕರೆಂಟು ಗೋಡೆಯದ್ದರಂತೆ ನಯವಾದ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲು; ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳಿಗೆ ಅದು ಒಗ್ಗುವುದಿಲ್ಲ, ಕರೆಂಟ್ ಹೋದ ಕ್ಷಣವೇ ಆರಿಬಿಡುತ್ತವೆ. “ಇಲ್ಲೇ ಜೋಡಿಸಿ ತೋರಿಸ್ತೀರಾ?” ರಶ್ಶಿನ ನಡುವೆಯೂ ಅವರು ಒಪ್ಪುತ್ತಾರೆ. ಬೆಂಚಿನ ಮೇಲೆ ಬೋರ್ಡ್, ನಮ್ಮ ಕಾರ್ಡ್, ಹೊಸ ಎಸ್‌ಎಂಪಿಎಸ್. ಭಾರದ ಪರೀಕ್ಷೆ ಓಡುತ್ತಿದೆ. ಅಂಗಡಿಯ ಹುಡುಗ ಯುಪಿಎಸ್ಸಿನ ಪ್ಲಗ್ಗನ್ನು ಗೋಡೆಯಿಂದ ಕೀಳುತ್ತಾನೆ. ಟಕ್. ಬೀಪ್. ಫ್ಯಾನು ತಿರುಗುತ್ತಲೇ ಇದೆ, ಪರದೆಯ ಅಂಕಿ ಓಡುತ್ತಲೇ ಇದೆ. ಯಂತ್ರದ್ದು ಸುಮಾರು 230 ವ್ಯಾಟ್, ಯುಪಿಎಸ್ ತಡೆಯುವುದು 360. ಸಿಗುವುದು ಕೆಲವೇ ನಿಮಿಷ, ಕೆಲಸ ಉಳಿಸಿ ಮುಚ್ಚಲು ಬೇಕಾದ್ದೂ ಅಷ್ಟೆ.

ಉದ್ಯಾವರ, ಕಟಪಾಡಿ ದಾಟಿ ಕಾಪು. ಅಕ್ಕನ ಮನೆಯ ಹಿತ್ತಿಲಿಗೆ ಕಡಲ ಸದ್ದು ಕೇಳುತ್ತದೆ. 1901ರ ದೀಪಸ್ತಂಭ ತೆಂಗಿನ ಮರಗಳ ಆಚೆಗಿದೆ. ಇದೇ ತಾಲೂಕಿನ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ವಿದ್ಯುತ್ ಸ್ಥಾವರ ಇದ್ದರೂ ಮನೆಯ ಪ್ಲಗ್ಗಿಗೆ ಬರುವ ಕರೆಂಟು ಗರಿ ಬೀಳುವ ತಂತಿ ದಾಟಿಯೇ ಬರಬೇಕು. ಪೆಟ್ಟಿಗೆಗಳನ್ನು ಚಾವಡಿಯಲ್ಲಿಟ್ಟು ಮೊದಲು ಮಲ್ಟಿಮೀಟರ್ ತೆಗೆಯುತ್ತೇವೆ. ಫೇಸಿಗೂ ನ್ಯೂಟ್ರಲಿಗೂ ನಡುವೆ 234. ಫೇಸಿಗೂ ಅರ್ಥಿಗೂ ನಡುವೆ 140, ಅದೂ ನಿಲ್ಲದೆ ಆಡುತ್ತಿದೆ. ಅರ್ಥಿಂಗ್ ಸರಿ ಇದ್ದರೆ ಎರಡೂ ಹತ್ತಿರ ಹತ್ತಿರ ಬರಬೇಕು.

ನೆರೆಮನೆಯ ಎಲೆಕ್ಟ್ರಿಷಿಯನ್ ಬಾವಿಯ ಹಿಂದಿನ ಅರ್ಥಿಂಗ್ ಗುಂಡಿಯ ಹಲಗೆ ಎತ್ತುತ್ತಾರೆ. ಮಳೆ ಈಗಷ್ಟೇ ಮುಗಿದ ಮಣ್ಣು, ತೇವವಾಗಿಯೇ ಇದೆ. ಕೆಟ್ಟದ್ದು ಕ್ಲ್ಯಾಂಪ್. ಪೈಪಿಗೆ ವಯರ್ ಹಿಡಿದಿಡುವ ಬೋಲ್ಟು ಉಪ್ಪು ಗಾಳಿಗೆ ಪದರ ಪದರವಾಗಿ ಎದ್ದಿದೆ. ಬೆರಳು ತಾಗಿದರೆ ಪುಡಿ ಉದುರುತ್ತದೆ. ಹಳೆಯದನ್ನು ಕತ್ತರಿಸಿ, ಪೈಪನ್ನು ಉಜ್ಜಿ ಹೊಳಪು ಬರಿಸಿ, ಹೊಸ ಕ್ಲ್ಯಾಂಪ್ ಬಿಗಿದು, ಮೇಲೆ ಗ್ರೀಸ್ ಮೆತ್ತುತ್ತಾರೆ. ಈಗ ಫೇಸ್–ಅರ್ಥ್ 232. ಕ್ಲ್ಯಾಂಪಿಗೂ ಗ್ರೀಸಿಗೂ ಸೇರಿ ಆದದ್ದು ಇನ್ನೂರು ರೂಪಾಯಿಯೂ ಇಲ್ಲ. ಇಡೀ ದಿನದ ಖರೀದಿಯಲ್ಲಿ ಇದಕ್ಕಿಂತ ಬೆಲೆಬಾಳುವ ಭಾಗ ನನಗೆ ಕಾಣುವುದಿಲ್ಲ. “ಆದ್ರೂ ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೀಬೇಕು ಆಯ್ತಾ, ರೂಟರಿದ್ದೂ” ಎಂದು ಅವರು ಅಳಿಯನಿಗೆ ಹೇಳಿಯೇ ಹೋಗುತ್ತಾರೆ. ಸಿಡಿಲು ತಂತಿಗೇ ಬಿದ್ದರೆ ಯಾವ ಅರ್ಥಿಂಗೂ ಯಾವ ಯುಪಿಎಸ್ಸೂ ತಡೆಯುವುದಿಲ್ಲ.

ಜೋಡಣೆ ಬೇಗ ಮುಗಿಯುತ್ತದೆ. ಪ್ರೊಸೆಸರಿನ ಮೂಲೆಯ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ. ರ‍್ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಎಚ್‌ಡಿಎಂಐ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ. ಬಯೋಸ್ ಪರದೆ ಬಂದಾಗ ರ‍್ಯಾಮಿನ ವೇಗ 2666 ಎಂದು ತೋರಿಸುತ್ತದೆ. ಕೊಂಡದ್ದು 3200. ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ ಸರಿಯಾಗುತ್ತದೆ; ಕೊಟ್ಟ ದುಡ್ಡಿನ ವೇಗ ಹೀಗೆ ಒಂದು ಆಯ್ಕೆ ಬದಲಿಸದೆ ಎಷ್ಟೋ ಮನೆಗಳಲ್ಲಿ ಮಲಗಿರುತ್ತದೆ.

ಅಕ್ಕ ಅಷ್ಟೂ ಹೊತ್ತು ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ಕರೆಂಟ್ ಬಿಲ್ಲು ತರುತ್ತಾಳೆ. ಗೃಹಜ್ಯೋತಿಯಲ್ಲಿ ಈ ಮನೆಗೆ ಸಿಕ್ಕ ಮಿತಿ 118 ಯೂನಿಟ್. ಕಳೆದ ತಿಂಗಳ ಬಳಕೆ 109. ಮಿತಿ ದಾಟಿದರೆ ಹೆಚ್ಚಾದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು.

“ಇದು ಎಷ್ಟು ತಿಂತದೆ?”

ಅಳಿಯ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಾನೆ. ಮಾನಿಟರ್ ಸೇರಿ 250 ವ್ಯಾಟ್, ದಿನಕ್ಕೆ ಎರಡು ಗಂಟೆ, ಅರ್ಧ ಯೂನಿಟ್. ತಿಂಗಳಿಗೆ 15.

“ಆರು ಯೂನಿಟ್ ಮೇಲೆ ಹೋಗ್ತದೆ ಅಮ್ಮ. ಅದನ್ನು ನಾನು ಕೊಡ್ತೇನೆ.”

“ಪರೀಕ್ಷೆ ಇರುವ ತಿಂಗಳು ಈ ಹದಿನೈದೂ ಉಳೀತದೆ ಅಲ್ವಾ?”