ಉಗುರಿನಗಲದ ಗಣಕ

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆ ಕನ್ನಡಿಗರಿಗೆ ಹೊಸತಲ್ಲ. ಆ ಮಾತಿಗೆ ಇಪ್ಪತ್ತನೆಯ ಶತಮಾನ ಒದಗಿಸಿದ ಸೊಗಸಾದ ನಿದರ್ಶನವೆಂದರೆ ಮೈಕ್ರೊಪ್ರೊಸೆಸರ್. ಕಿರುಬೆರಳಿನ ಉಗುರಿನಷ್ಟೇ ಇರುವ ಸಿಲಿಕಾನ್ ತುಣುಕೊಂದರಲ್ಲಿ ಗಣಕಯಂತ್ರದ ಮಿದುಳನ್ನೇ ಅಡಗಿಸಿದ ಈ ಸಾಧನ, ಜಗತ್ತನ್ನು ಬದಲಿಸಬೇಕೆಂಬ ಮಹತ್ವಾಕಾಂಕ್ಷೆಯಿಂದ ಹುಟ್ಟಿದ್ದಲ್ಲ. ಕೂಡುವ, ಕಳೆಯುವ ಯಂತ್ರವೊಂದನ್ನು ಕಡಿಮೆ ವೆಚ್ಚದಲ್ಲಿ ತಯಾರಿಸಬೇಕೆಂಬ ಸಾಧಾರಣ ವ್ಯಾಪಾರದ ಅಗತ್ಯದಿಂದ ಅದು ಹುಟ್ಟಿತು.

1946ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಎನಿಯಾಕ್ ಎಂಬ ಗಣಕಯಂತ್ರವನ್ನು ಲೋಕಕ್ಕೆ ತೋರಿಸಲಾಯಿತು. ಸುಮಾರು 18,000 ನಿರ್ವಾತ ನಳಿಗೆಗಳಿದ್ದ ಆ ಯಂತ್ರದ ತೂಕ ಸುಮಾರು 30 ಟನ್ನು. ಅದನ್ನಿರಿಸಲು ವಿಶಾಲವಾದ ಕೋಣೆಯೇ ಬೇಕಾಗಿತ್ತು. ಮರುವರ್ಷ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಜನ್ಮತಾಳಿತು. ಕಾದು ಕೆಂಪಾಗುತ್ತಿದ್ದ ನಳಿಗೆಯ ಸ್ಥಾನದಲ್ಲಿ ತಣ್ಣಗೆ ಕುಳಿತು ಅದೇ ಕೆಲಸವನ್ನು ಮಾಡಬಲ್ಲ ಪುಟ್ಟ ಘನವಸ್ತು ಅದು. 1958 ಮತ್ತು 1959ರಲ್ಲಿ ಜಾಕ್ ಕಿಲ್ಬಿ ಹಾಗೂ ರಾಬರ್ಟ್ ನಾಯ್ಸ್ ಬೇರೆ ಬೇರೆಯಾಗಿ ದುಡಿದು, ಹಲವು ಟ್ರಾನ್ಸಿಸ್ಟರುಗಳನ್ನು ಒಂದೇ ಬಿಲ್ಲೆಯಲ್ಲಿ ಕೂಡಿಸುವ ಮಾರ್ಗವನ್ನು ತೋರಿಸಿದರು. ಅದಕ್ಕೆ ಚಿಪ್ ಎಂಬ ಹೆಸರು ಬಂದಿತು.

1969ರಲ್ಲಿ ಜಪಾನಿನ ಬಿಸಿಕಾಮ್ ಎಂಬ ಸಂಸ್ಥೆ ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳಿಗೆ ಬೇಕಾದ ಚಿಪ್ಪುಗಳಿಗಾಗಿ ಕ್ಯಾಲಿಫೋರ್ನಿಯದ ಇಂಟೆಲ್ ಸಂಸ್ಥೆಯ ಬಾಗಿಲಿಗೆ ಬಂದಿತು. ಇಂಟೆಲ್ ಸ್ಥಾಪನೆಯಾಗಿ ಆಗ ಒಂದು ವರ್ಷವಷ್ಟೇ ಕಳೆದಿತ್ತು. ಜಪಾನಿನಿಂದ ಬಂದ ತಂಡದಲ್ಲಿ ಮಸತೋಶಿ ಶಿಮಾ ಎಂಬ ತರುಣ ಎಂಜಿನಿಯರ್ ಇದ್ದರು. ಅವರು ಓದಿದ್ದು ರಸಾಯನಶಾಸ್ತ್ರ. ಬದುಕು ಅವರನ್ನು ಲೆಕ್ಕದ ಯಂತ್ರಗಳ ಕಡೆಗೆ ಕರೆತಂದಿತ್ತು. ಒಂದೊಂದು ಕೆಲಸಕ್ಕೆ ಒಂದೊಂದರಂತೆ ಬಗೆಬಗೆಯ ಚಿಪ್ಪುಗಳು ಬೇಕೆಂಬುದು ಆ ತಂಡದ ಕೋರಿಕೆ. ಇಂಟೆಲ್ಲಿನ ಟೆಡ್ ಹಾಫ್ ಅವರಿಗೆ ಇದು ದುಬಾರಿಯ ದಾರಿಯೆಂದು ತೋರಿತು.

ಹಾಫ್ ಅವರ ಆಲೋಚನೆಯನ್ನು ಅಡುಗೆಮನೆಯ ಹೋಲಿಕೆಯಿಂದ ತಿಳಿಯಬಹುದು. ಪಡ್ಡಿನ ಕಾವಲಿಯಲ್ಲಿ ಪಡ್ಡನ್ನು ಬೇಯಿಸಬಹುದೇ ಹೊರತು ಸಾರನ್ನು ಕುದಿಸಲಾಗದು. ಬಾಣಲೆಯ ಗುಣವೇ ಬೇರೆ. ಒಗ್ಗರಣೆಗೂ ಅದೇ, ಹಪ್ಪಳ ಕರಿಯಲೂ ಅದೇ, ಪಲ್ಯಕ್ಕೂ ಅದೇ. ಏನಾಗಬೇಕೆಂಬುದನ್ನು ನಿರ್ಧರಿಸುವುದು ಪಾತ್ರೆಯಲ್ಲ, ಅಡುಗೆಯವರು. ಹಾಗೆಯೇ, ಒಂದೇ ಕೆಲಸಕ್ಕೆ ಕಟ್ಟುಬಿದ್ದ ಹಲವು ಚಿಪ್ಪುಗಳ ಬದಲಿಗೆ, ಹೇಳಿದ ಆದೇಶಗಳನ್ನು ಒಂದೊಂದಾಗಿ ಓದಿ ನಡೆಸುವ ಒಂದು ಚಿಪ್ಪು ಸಾಲದೇ? ಕೆಲಸ ಬದಲಾದರೆ ಚಿಪ್ಪನ್ನಲ್ಲ, ಆದೇಶಗಳನ್ನು ಬದಲಿಸಿದರಾಯಿತು. ಹಾಫ್ ಮತ್ತು ಸ್ಟ್ಯಾನ್ಲಿ ಮೇಜರ್ ಶಿಮಾ ಅವರೊಡನೆ ಚರ್ಚಿಸುತ್ತ ಈ ಯೋಜನೆಯನ್ನು ರೂಪಿಸಿದರು. ನಾಲ್ಕೇ ಬಗೆಯ ಚಿಪ್ಪುಗಳು ಸಾಕಾದವು. ಅವುಗಳಲ್ಲಿ ಮಿದುಳಿನ ಸ್ಥಾನ ಪಡೆದದ್ದು 4004.

ಆದರೆ ಮನೆಯ ನಕ್ಷೆ ಮನೆಯಲ್ಲ. ಈ ಕಲ್ಪನೆಯನ್ನು ಸಿಲಿಕಾನಿನಲ್ಲಿ ಮೂಡಿಸುವ ಭಾರವನ್ನು ಹೊರಲು 1970ರ ಏಪ್ರಿಲಿನಲ್ಲಿ ಇಂಟೆಲ್ ಸೇರಿದವರು ಫೆಡೆರಿಕೊ ಫಜಿನ್. ಇಟಲಿಯ ವಿಚೆಂಜಾದಲ್ಲಿ ಹುಟ್ಟಿ, ಪಾದುವಾದಲ್ಲಿ ಭೌತವಿಜ್ಞಾನವನ್ನು ಅಭ್ಯಾಸ ಮಾಡಿದ್ದ ಅವರು, ಟ್ರಾನ್ಸಿಸ್ಟರುಗಳನ್ನು ಇನ್ನಷ್ಟು ಒತ್ತಾಗಿ ಜೋಡಿಸಬಲ್ಲ ಸಿಲಿಕಾನ್ ಗೇಟ್ ಎಂಬ ತಂತ್ರವನ್ನು ಅದಕ್ಕೆ ಮೊದಲೇ ಬೆಳೆಸಿದ್ದರು. ಅವರು ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ ಶಿಮಾ ಜಪಾನಿನಿಂದ ಮತ್ತೆ ಬಂದರು. ವಿನ್ಯಾಸ ಸಿದ್ಧವಾಗಿದೆ, ಪರಿಶೀಲಿಸುವುದಷ್ಟೇ ಬಾಕಿ ಎಂದು ನಂಬಿ ಬಂದವರಿಗೆ, ಹಿಂದಿನ ಯೋಜನೆಯ ಹೊರತು ಏನೂ ಆಗಿಲ್ಲವೆಂದು ತಿಳಿದಾಗ ಕೋಪ ಉಕ್ಕಿತು. ತಪ್ಪು ಫಜಿನ್ನರದಲ್ಲ, ಆದರೂ ಆ ಕೋಪವನ್ನು ಅವರೇ ಎದುರಿಸಬೇಕಾಯಿತು. ಮುನಿದವರು ಮುನಿಸಿನಲ್ಲೇ ಉಳಿಯಲಿಲ್ಲ. ಶಿಮಾ ಅಲ್ಲಿಯೇ ತಂಗಿ ಹಲವು ತಿಂಗಳು ಫಜಿನ್ನರಿಗೆ ಹೆಗಲು ಕೊಟ್ಟರು. ಗಿರಾಕಿಯಾಗಿ ಬಂದವರು ಸಹೋದ್ಯೋಗಿಯಾದರು. ಇಂದಿನಂತೆ ಗಣಕದ ನೆರವು ಆಗ ಇರಲಿಲ್ಲ. ಚಿಪ್ಪಿನ ನಕ್ಷೆಯನ್ನು ಬಹುಪಾಲು ಹಿಗ್ಗಿಸಿ ಕೈಯಿಂದಲೇ ಬರೆದು, ಕೆಂಪು ಪೊರೆಯ ಹಾಳೆಗಳ ಮೇಲೆ ಅಲಗಿನಿಂದ ಕೊರೆಯಬೇಕಾಗಿತ್ತು. ಒಂದು ಗೆರೆ ತಪ್ಪಿದರೂ ಶ್ರಮವೆಲ್ಲ ವ್ಯರ್ಥ.

1970ರ ಕೊನೆಯಲ್ಲಿ 4004ರ ಮೊದಲ ಬಿಲ್ಲೆಗಳು ಫಜಿನ್ನರ ಕೈಸೇರಿದವು. ಪರೀಕ್ಷಿಸಿದರೆ ಒಂದರಲ್ಲಿಯೂ ಜೀವವಿಲ್ಲ! ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ತಯಾರಿಕೆಯಲ್ಲಿ ಒಂದು ಪದರವನ್ನೇ ಹಾಕಲು ಮರೆತಿದ್ದರೆಂಬುದು ಬೆಳಕಿಗೆ ಬಂತು. 1971ರ ಜನವರಿಯಲ್ಲಿ ಹೊಸ ಬಿಲ್ಲೆಗಳು ಬಂದವು. ಎಲ್ಲರೂ ಮನೆಗೆ ತೆರಳಿದ್ದ ಪ್ರಯೋಗಾಲಯದಲ್ಲಿ ಫಜಿನ್ ಒಬ್ಬರೇ ನಡುರಾತ್ರಿ ಮೀರುವವರೆಗೆ ಕುಳಿತು ಪರೀಕ್ಷಿಸಿದರು. ಈ ಬಾರಿ ಚಿಪ್ಪು ಉತ್ತರಿಸಿತು. ಬೆಳಗಿನ ಜಾವ ಮನೆ ಸೇರಿ, ಎಚ್ಚರವಾಗಿ ಕಾದಿದ್ದ ಪತ್ನಿಗೆ ಆ ಸಂತೋಷದ ಸುದ್ದಿಯನ್ನು ತಿಳಿಸಿದರು. ಸಣ್ಣಪುಟ್ಟ ದೋಷಗಳನ್ನು ತಿದ್ದುವ ಕೆಲಸವಷ್ಟೇ ಉಳಿದಿತ್ತು.

4004ರಲ್ಲಿದ್ದ ಟ್ರಾನ್ಸಿಸ್ಟರುಗಳು 2,300. ಒಂದು ಸಲಕ್ಕೆ ನಾಲ್ಕು ದ್ವಿಮಾನ ಅಂಕೆಗಳನ್ನು ಮಾತ್ರ ಅದು ನಿರ್ವಹಿಸುತ್ತಿತ್ತು. ಸೊನ್ನೆಯಿಂದ ಒಂಬತ್ತರವರೆಗಿನ ಯಾವ ಅಂಕಿಯನ್ನಾದರೂ ಬರೆಯಲು ನಾಲ್ಕು ದ್ವಿಮಾನ ಅಂಕೆಗಳು ಸಾಕು. ಆದುದರಿಂದ ಲೆಕ್ಕದ ಯಂತ್ರಕ್ಕೆ ಅದು ತಕ್ಕುದಾಗಿತ್ತು. ಒಪ್ಪಂದದ ಪ್ರಕಾರ ಆ ಚಿಪ್ಪು ಬಿಸಿಕಾಮಿಗೆ ಮಾತ್ರ ಮೀಸಲು. ಅಷ್ಟರಲ್ಲಿ ಲೆಕ್ಕದ ಯಂತ್ರಗಳ ಬೆಲೆ ಕುಸಿಯುತ್ತಿತ್ತು. ಬಿಸಿಕಾಮ್ ಬೆಲೆ ಇಳಿಸುವಂತೆ ಕೇಳಿತು. ಚಿಪ್ಪನ್ನು ಇತರ ಕೆಲಸಗಳಿಗೂ ಬಳಸಬಹುದೆಂದು ಫಜಿನ್ ಪರೀಕ್ಷಾಯಂತ್ರವೊಂದನ್ನು ಕಟ್ಟಿ ತೋರಿಸಿದ್ದರು. ಬೆಲೆಯಲ್ಲಿ ರಿಯಾಯಿತಿ ಕೊಟ್ಟು, ಲೆಕ್ಕದ ಯಂತ್ರಗಳ ಹೊರತಾಗಿ ಬೇರೆಡೆ ಮಾರುವ ಹಕ್ಕನ್ನು ಇಂಟೆಲ್ ಪಡೆದುಕೊಂಡಿತು. 1971ರ ನವೆಂಬರ್ 15ರಂದು 4004ರ ಜಾಹೀರಾತು ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಬೇಡಿ ಬಂದಿದ್ದ ಬಿಸಿಕಾಮ್ 1974ರಲ್ಲಿ ದಿವಾಳಿಯಾಯಿತು.

ಎರಡನೆಯ ಚಿಪ್ಪಿನ ಕಥೆಯೂ ಇಂಥದೇ. ಟೆಕ್ಸಾಸಿನ ಸಂಸ್ಥೆಯೊಂದು ತನ್ನ ಯಂತ್ರಕ್ಕಾಗಿ ಎಂಟು ಅಂಕೆಗಳ ಚಿಪ್ಪನ್ನು ಕೇಳಿತ್ತು, ತಡವಾಯಿತೆಂದು ಕೈಬಿಟ್ಟಿತು. ಹೀಗೆ ಉಳಿದುಹೋದದ್ದೇ 1972ರಲ್ಲಿ 8008 ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. 1974ರ 8080, 1978ರ 8086 ಅದರ ಸಂತತಿ. 1981ರಲ್ಲಿ ಹೊರಬಂದ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರಿನಲ್ಲಿದ್ದ 8088 ಕೂಡ ಅದೇ ವಂಶದ್ದು. ಗಿರಾಕಿಗೆ ಬೇಡವಾದ ಕೂಸು ಒಂದು ದೊಡ್ಡ ಮನೆತನಕ್ಕೆ ಮೂಲಪುರುಷನಾಯಿತು.

ಇತರರೂ ಸುಮ್ಮನಿರಲಿಲ್ಲ. 1975ರಲ್ಲಿ ಚಕ್ ಪೆಡಲ್ ಮತ್ತು ಸಂಗಡಿಗರು 6502 ಎಂಬ ಚಿಪ್ಪನ್ನು 25 ಡಾಲರಿಗೆ ಮಾರತೊಡಗಿದರು. ಅಂದಿನ ಇತರ ಚಿಪ್ಪುಗಳ ಬೆಲೆ ಇದರ ಹಲವು ಪಟ್ಟು. ಸ್ಟೀವ್ ವೋಜ್ನಿಯಾಕ್ 1976ರಲ್ಲಿ ಕಟ್ಟಿದ ಮೊದಲ ಆಪಲ್ ಗಣಕದಲ್ಲಿದ್ದದ್ದು ಇದೇ. 1984ರಲ್ಲಿ ಭಾರತ ಸರ್ಕಾರ ಆರಂಭಿಸಿದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಗಣಕಗಳ ಒಡಲಿನಲ್ಲಿಯೂ 6502ರ ಕುಲದ ಚಿಪ್ಪೇ ಇತ್ತು. ಶ್ರೀಮಂತ ಸಂಸ್ಥೆಗಳ ಸ್ವತ್ತಾಗಿದ್ದ ಗಣಕ, ಬೆಲೆ ಇಳಿದೊಡನೆ ಮಕ್ಕಳ ಮೇಜಿಗೆ ಇಳಿದು ಬಂದಿತು.

ಇಂದು ಸಾವಿರ ಕೋಟಿಗೂ ಮಿಕ್ಕ ಟ್ರಾನ್ಸಿಸ್ಟರುಗಳನ್ನು ಹೊತ್ತ ಚಿಪ್ಪುಗಳಿವೆ. ಅವುಗಳ ಮುಂದೆ 4004 ಅಲ್ಪವೆನಿಸಬಹುದು. ಆದರೆ ಅದರ ಹಿರಿಮೆ ಇರುವುದು ಎಣಿಕೆಯಲ್ಲಲ್ಲ. ಒಂದೇ ಕೆಲಸಕ್ಕೆ ಕಟ್ಟುಬೀಳದೆ, ಕಲಿಸಿದುದನ್ನೆಲ್ಲ ಮಾಡಲು ಅಣಿಯಾಗಿದ್ದ ಗುಣದಲ್ಲಿ. ಅದನ್ನು ಬೇಡಿದವರೇ ಆ ಗುಣದ ಬೆಲೆಯನ್ನು ಪೂರ್ತಿ ಅರಿಯಲಿಲ್ಲ.

4004ರ ಅಂಚಿನಲ್ಲಿ ಬರಿಗಣ್ಣಿಗೆ ಕಾಣದಷ್ಟು ಕಿರಿದಾಗಿ ಎಫ್.ಎಫ್. ಎಂಬ ಎರಡು ಅಕ್ಷರಗಳಿವೆ. ಶಿಲ್ಪಿ ತನ್ನ ವಿಗ್ರಹದ ಪೀಠದಲ್ಲಿ ಹೆಸರು ಕೊರೆಯುವಂತೆ ಫೆಡೆರಿಕೊ ಫಜಿನ್ ಬರೆದ ಅಂಕಿತ ಅದು. ಬಹುಕಾಲ ಕಲ್ಪನೆ ಕೊಟ್ಟವರ ಹೆಸರೇ ಹೆಚ್ಚಾಗಿ ಕೇಳಿಬಂದು, ಕೈಯಿಂದ ಕಡೆದವರ ಹೆಸರು ಹಿಂದೆ ಸರಿದಿತ್ತು. 1997ರಲ್ಲಿ ಜಪಾನಿನ ಕ್ಯೋಟೊ ಪ್ರಶಸ್ತಿ ಫಜಿನ್, ಹಾಫ್, ಮೇಜರ್, ಶಿಮಾ ನಾಲ್ವರಿಗೂ ಒಟ್ಟಾಗಿ ಸಂದಿತು. ಕನಸು ಕಂಡವರು, ಕೇಳಿ ಬಂದವರು, ಕಟ್ಟಿ ನಿಲ್ಲಿಸಿದವರು ಒಂದೇ ಸಾಲಿನಲ್ಲಿ ನಿಂತ ಆ ಗಳಿಗೆ, ಯಾವ ದೊಡ್ಡ ಕಾರ್ಯವೂ ಒಬ್ಬರದಲ್ಲ ಎಂಬುದನ್ನು ಸಾರುವಂತಿತ್ತು.