ಮುಖ ಬದಲಾಯಿಸದ ನಟ

ಈ ನಟನ ಹೆಸರು ಬರೆಯೋದೇ ಮೊದಲ ಕಷ್ಟ. ನನ್ನ ರೂಮ್‌ಮೇಟ್ ಇಂಗ್ಲಿಷ್ ಅಕ್ಷರ ಇದ್ದ ಹಾಗೇ ಓದಿ ‘ಟ್ರಿಂಟಿಗ್ನಂಟ್’ ಅನ್ನುತ್ತಾನೆ. ಫ್ರೆಂಚರ ಬಾಯಲ್ಲಿ ಅದು ಸುಮಾರಾಗಿ ಜಾನ್-ಲೂಯಿ ತ್ರೆಂತಿನ್ಯಾಂ. ಕಳೆದ ಕೆಲವು ವಾರಾಂತ್ಯಗಳಲ್ಲಿ ಇವನ ಸಿನಿಮಾಗಳನ್ನು ಒಂದರ ಹಿಂದೊಂದು ನೋಡಿದೆ, ಸಬ್‌ಟೈಟಲ್ ಹಾಕಿಕೊಂಡು. ಮನೆಯಲ್ಲಿ ಮದುವೆ ಮಾತು ಎತ್ತಿದಾಗಲೆಲ್ಲ ಹೆಡ್‌ಫೋನ್ ಹಾಕಿಕೊಳ್ಳಲು ಒಳ್ಳೆ ನೆಪ :)

ನಾವು ಒಬ್ಬ ನಟನನ್ನು ವರ್ಸಟೈಲ್ ಅಂದರೆ ಏನರ್ಥ? ಒಂದು ಚಿತ್ರದಲ್ಲಿ ಗೂನುಬೆನ್ನು, ಇನ್ನೊಂದರಲ್ಲಿ ತೊದಲು ಮಾತು, ಮತ್ತೊಂದಕ್ಕೆ ಇಪ್ಪತ್ತು ಕೇಜಿ ತೂಕ ಇಳಿಸಿದ ಅಂತ ಪೇಪರ್‌ನಲ್ಲಿ ಸುದ್ದಿ. ತ್ರೆಂತಿನ್ಯಾಂ ಇದ್ಯಾವುದನ್ನೂ ಮಾಡೋದಿಲ್ಲ. ಅದೇ ಮುಖ, ಅದೇ ತಗ್ಗಿದ ದನಿ, ಅದೇ ಅರ್ಧ ನಗು. ಆದರೂ ಇವನು ಮಾಡದ ಜಾತಿಯ ಸಿನಿಮಾ ಇಲ್ಲ.

1966ರ ‘ಎ ಮ್ಯಾನ್ ಅಂಡ್ ಎ ವುಮನ್’ನಲ್ಲಿ ಹೆಂಡತಿ ಸತ್ತ ಕಾರ್ ರೇಸರ್, ಪಕ್ಕಾ ಲವ್ ಸ್ಟೋರಿ. (ಇವನ ಚಿಕ್ಕಪ್ಪ ಮೊರೀಸ್ ನಿಜವಾಗಿಯೂ ಮೊನಾಕೊ ಗ್ರಾಂ ಪ್ರೀ ಎರಡು ಸಲ ಗೆದ್ದವನು, 1955 ಮತ್ತು 1958ರಲ್ಲಿ.) ಎರಡೇ ವರ್ಷ ಬಿಟ್ಟು, ‘ದಿ ಗ್ರೇಟ್ ಸೈಲೆನ್ಸ್’ ಅನ್ನೋ ಇಟಾಲಿಯನ್ ವೆಸ್ಟರ್ನ್‌ನಲ್ಲಿ ಪಿಸ್ತೂಲುಗಾರ. ಮರಳುಗಾಡಲ್ಲ, ಎಲ್ಲೆಲ್ಲೂ ಹಿಮ. ಬಾಲ್ಯದಲ್ಲೇ ಗಂಟಲು ಕುಯ್ಯಿಸಿಕೊಂಡ ಮೂಕ, ಚಿತ್ರದುದ್ದಕ್ಕೂ ಒಂದು ಡೈಲಾಗ್ ಇಲ್ಲ. ಹೀರೋಗೆ ಒಂದು ಮಾತೂ ಬರೆಯದ ಸಿನಿಮಾವನ್ನು ನಮ್ಮ ಯಾವ ಹೀರೋ ಒಪ್ಪಿಯಾನು ಹೇಳಿ!

ಇವನ ವರ್ಷ ಅಂದರೆ 1969. ಆ ವರ್ಷ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿ ಇವನ ಎರಡು ಚಿತ್ರಗಳಿದ್ದವು. ಮೊದಲನೆಯದು ಕೋಸ್ತಾ-ಗಾವ್ರಾಸ್‌ನ ‘ಝಡ್’. 1963ರಲ್ಲಿ ಗ್ರೀಸ್‌ನ ಸಂಸದ ಲಂಬ್ರಾಕಿಸ್ ಕೊಲೆಯಾದ ಕಥೆ. ಇಲ್ಲಿ ಇವನು ತನಿಖೆಯ ಮ್ಯಾಜಿಸ್ಟ್ರೇಟ್, ಕಪ್ಪು ಕನ್ನಡಕ. ಸರ್ಕಾರದವರು ಅದು ಅಪಘಾತ ಎನ್ನುತ್ತಾರೆ, ಇವನೂ ಮೊದಮೊದಲು ‘ಘಟನೆ’ ಎನ್ನುತ್ತಿರುತ್ತಾನೆ. ಒಂದು ಹೊತ್ತಿನಲ್ಲಿ ದನಿ ಏರಿಸದೆ ‘ಕೊಲೆ’ ಅನ್ನುತ್ತಾನೆ. ಅಷ್ಟೇ. ಕೊನೆಯಲ್ಲಿ ಎದೆ ತುಂಬ ಪದಕ ತೂಗಿಸಿಕೊಂಡ ಅಧಿಕಾರಿಗಳು ಒಬ್ಬೊಬ್ಬರಾಗಿ ಬಂದು ಕೂರುತ್ತಾರೆ. ಇವನು ಕೇಳೋದು ಹೆಸರು, ಕುಲನಾಮ, ಉದ್ಯೋಗ. ಕಳ್ಳನಿಗೂ ಜನರಲ್‌ಗೂ ಅದೇ ಪ್ರಶ್ನೆ, ಅದೇ ಟೈಪ್‌ರೈಟರ್ ಸದ್ದು. ನಾನು ಎದ್ದು ಕೂತು ಚಪ್ಪಾಳೆ ಹೊಡೆದೆ, ರಾತ್ರಿ ಒಂದೂವರೆಗೆ. ಈ ಪಾತ್ರಕ್ಕೆ ಇವನಿಗೆ ಕಾನ್‌ನಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆ ಪಾತ್ರದ ಮೂಲ, ನಿಜವಾದ ಮ್ಯಾಜಿಸ್ಟ್ರೇಟ್ ಸಾರ್ಟ್ಸೆಟಾಕಿಸ್, 1985ರಲ್ಲಿ ಗ್ರೀಸ್‌ನ ರಾಷ್ಟ್ರಪತಿಯಾದರು.

ಎರಡನೆಯದು ಎರಿಕ್ ರೋಮರ್‌ನ ‘ಮೈ ನೈಟ್ ಅಟ್ ಮೋಡ್ಸ್’. ಇದರಲ್ಲಿ ನಮ್ಮವನು ಇಂಜಿನಿಯರ್! ಕ್ಲೆರ್ಮೊಂ-ಫೆರಾಂ ಊರಿನಲ್ಲಿ ಮಿಶಲಿನ್ ಟೈರ್ ಕಂಪನಿ ನೌಕರಿ, ಬಿಡುವಿನಲ್ಲಿ ಪ್ರಾಬಬಿಲಿಟಿ ಪುಸ್ತಕ. ಚರ್ಚಿನಲ್ಲಿ ಕಂಡ ಹುಡುಗಿಯನ್ನೇ ಮದುವೆಯಾಗೋದು ಅಂತ ಮಾತಾಡಿಸುವ ಮೊದಲೇ ತೀರ್ಮಾನಿಸಿದ್ದಾನೆ. ಹಿಮ ಬಿದ್ದ ಒಂದು ರಾತ್ರಿ ಮೋಡ್ ಎಂಬ ಡಾಕ್ಟರ್ ಮನೆಯಲ್ಲಿ ಉಳಿಯಬೇಕಾಗುತ್ತದೆ. ಏನೂ ನಡೆಯೋದಿಲ್ಲ, ಬರೀ ಮಾತು. ಪಾಸ್ಕಲ್, ದೇವರು, ಗಣಿತ.. ತರ್ಕದ ಹಿಂದೆ ಅಡಗಿ ಕೂತು ಬದುಕನ್ನು ಮುಂದೂಡುವ ಆ ಇಂಜಿನಿಯರ್‌ನ ಮುಖ ನೋಡುತ್ತಾ ನಾನು ಹೆಡ್‌ಫೋನ್ ತೆಗೆದಿಟ್ಟೆ. ಯಾಕೆ ಅಂತ ಇಂಜಿನಿಯರುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

1970ರ ‘ದಿ ಕನ್‌ಫಾರ್ಮಿಸ್ಟ್’ ಇನ್ನೂ ಭಯಾನಕ. ಮುಸೊಲಿನಿ ಕಾಲದ ಇಟಲಿ, ಎಲ್ಲರಂತಿರಬೇಕು ಅನ್ನೋ ಒಂದೇ ಆಸೆಗೆ ಫ್ಯಾಸಿಸ್ಟ್ ಆದವನು. ಹಿಮದ ಕಾಡಿನಲ್ಲಿ ತಾನು ಬಯಸಿದ ಹೆಂಗಸೇ ಕಾರಿನ ಗಾಜು ಬಡಿದು ಕಿರುಚುತ್ತಿದ್ದಾಳೆ. ಇವನು ಒಳಗೆ ಸುಮ್ಮನೆ ಕೂತಿರುತ್ತಾನೆ. ಮ್ಯಾಜಿಸ್ಟ್ರೇಟನಲ್ಲಿ ಧೈರ್ಯವಾಗಿ ಕಂಡ ಅದೇ ನಿಶ್ಚಲ ಮುಖ ಇಲ್ಲಿ ಹೇಡಿತನವಾಗಿದೆ. ಒಂದು ಗೆರೆಯೂ ಬದಲಾಗಿಲ್ಲ! ಇಟಾಲಿಯನ್ ಆವೃತ್ತಿಯಲ್ಲಿ ದನಿಯೂ ಇವನದಲ್ಲ, ಡಬ್ಬಿಂಗ್.

ಆಮೇಲಿನ ಚಿತ್ರಗಳಲ್ಲಿ ಕೀಸ್ಲೊವ್‌ಸ್ಕಿಯ ‘ರೆಡ್’ (1994) ನೋಡಲೇಬೇಕು. ನಿವೃತ್ತ ನ್ಯಾಯಾಧೀಶ, ನೆರೆಯವರ ಫೋನ್ ಕದ್ದು ಕೇಳುತ್ತಾ ಕೂತಿರುವ ಮುದುಕ. 2003ರಲ್ಲಿ ಇವನ ಮಗಳು, ತಾನೂ ನಟಿಯಾಗಿದ್ದವಳು, ಲಿಥುವೇನಿಯಾದಲ್ಲಿ ಸಂಗಾತಿಯ ಹೊಡೆತಕ್ಕೆ ಸಿಕ್ಕಿ ಸತ್ತಳು. ಮುಂದೆ ಬಹಳ ವರ್ಷ ಸಿನಿಮಾ ಬಿಟ್ಟು ರಂಗದ ಮೇಲೆ ಕವಿತೆ ಓದಿಕೊಂಡಿದ್ದ.

ಎಂಬತ್ತೊಂದನೆಯ ವಯಸ್ಸಿನಲ್ಲಿ, 2012ರಲ್ಲಿ, ಹಾನೆಕೆಯ ‘ಅಮೂರ್’ ಬಂತು. (ಕಥೆ ಗೊತ್ತಾಗೋದು ಬೇಡ ಅನ್ನುವವರು ಕೊನೆಯ ಪ್ಯಾರಾಕ್ಕೆ ಹೋಗಿ.) ಪಾರ್ಶ್ವವಾಯು ಹೊಡೆದ ಹೆಂಡತಿಯನ್ನು ಗಂಡ ನೋಡಿಕೊಳ್ಳುತ್ತಾನೆ. ಒಂದು ದಿನ ಆಕೆ ನೀರು ಕುಡಿಯದೆ ಉಗುಳುತ್ತಾಳೆ, ಇವನು ಕೆನ್ನೆಗೆ ಹೊಡೆದುಬಿಡುತ್ತಾನೆ. ನಾನು ಅಲ್ಲಿ ಪಾಸ್ ಮಾಡಿದೆ. ನಮ್ಮಜ್ಜಿ ಮೂರು ವರ್ಷ ಹಾಸಿಗೆ ಹಿಡಿದಿದ್ದರು, ಊಟ ಮಾಡಿಸುತ್ತಿದ್ದದ್ದು ಅಜ್ಜ. ಅಜ್ಜ ಹೊಡೆದವರಲ್ಲ. ಆದರೆ ಒಂದು ಸಂಜೆ ಚಮಚ ಗೋಡೆಗೆ ಎಸೆದರು. ಆಮೇಲೆ ತಾವೇ ಬಗ್ಗಿ ಹುಡುಕಿ, ತೊಳೆದು ತಂದು, ಮತ್ತೆ ಗಂಜಿ ತುಂಬಿದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಾಗ ಅವರ ಮುಖದಲ್ಲಿ ಏನೂ ಇರಲಿಲ್ಲ. ಅವತ್ತು ನನಗೆ ಅದು ಕಲ್ಲುಮನಸ್ಸು ಅಂತ ಕಂಡಿತ್ತು. ಸಿನಿಮಾದಲ್ಲಿ ಹೊಡೆದ ಕ್ಷಣದ ನಂತರ ತ್ರೆಂತಿನ್ಯಾಂ ಮುಖ ನೋಡಿದ ಮೇಲೆ ಹಾಗನ್ನಿಸುತ್ತಿಲ್ಲ. ಮುಂದೆ ಒಂದು ದಿನ ನೋವಿನಿಂದ ಕೂಗುತ್ತಿರುವ ಹೆಂಡತಿಗೆ ತನ್ನ ಬಾಲ್ಯದ ಬೇಸಿಗೆ ಶಿಬಿರದ ಕಥೆ ಹೇಳಿ ಸಮಾಧಾನ ಮಾಡುತ್ತಾನೆ. ಆಕೆ ಸುಮ್ಮನಾದ ಮೇಲೆ ದಿಂಬು ಎತ್ತಿಕೊಳ್ಳುತ್ತಾನೆ. ಅದು ಸರಿಯೋ ತಪ್ಪೋ ಅಂತ ಆ ಮುಖ ಹೇಳಿಕೊಡೋದಿಲ್ಲ. ಅಜ್ಜ ಈಗಿಲ್ಲ, ಇದ್ದಿದ್ದರೂ ಅವರನ್ನು ಏನಂತ ಕೇಳುತ್ತಿದ್ದೆನೋ..

2022ರ ಜೂನ್ 17ರಂದು ತ್ರೆಂತಿನ್ಯಾಂ ತೀರಿಕೊಂಡಾಗ 91 ವರ್ಷ. ಇವನ ಚಿತ್ರಗಳನ್ನು ಶುರು ಮಾಡುವವರು ‘ಅಮೂರ್’ನಿಂದ ಮಾಡಬೇಡಿ. 1962ರ ‘ಇಲ್ ಸೊರ್ಪಾಸೊ’ ಹಾಕಿಕೊಳ್ಳಿ. ಖಾಲಿ ರೋಮ್, ಆಗಸ್ಟ್ ರಜೆ, ಬಾಯಿಬಡುಕ ಗಾಸ್‌ಮನ್ ಓಡಿಸುವ ತೆರೆದ ಲಾನ್ಸಿಯಾ ಕಾರು, ಪಕ್ಕದ ಸೀಟಿನಲ್ಲಿ ಸಂಕೋಚದಿಂದ ಮುದುಡಿ ಕೂತ ಕಾನೂನು ವಿದ್ಯಾರ್ಥಿ ನಮ್ಮ ತ್ರೆಂತಿನ್ಯಾಂ. ನೋಡಿದವರು ಕ್ಲೈಮ್ಯಾಕ್ಸ್ ಬಗ್ಗೆ ಏನನ್ನಿಸಿತು ಅಂತ ತಿಳಿಸಿ, ನನ್ನ ರೂಮ್‌ಮೇಟ್ ಅದು ಅನ್ಯಾಯ ಅಂತ ಇನ್ನೂ ಜಗಳ ಆಡುತ್ತಿದ್ದಾನೆ.