ಯಾವೂರಿನ ಕಲ್ಲುಗಿಡ?

ಈಗಷ್ಟೇ ಬಾಲ್ಕನಿಯ ಲಿಥಾಪ್ಸ್ (ಕಲ್ಲುಗಿಡ) ಕುಂಡದ ಮುಂದೆ ಕೂತಿದ್ದೆ. ಎರಡು ಎಲೆಗಳ ನಡುವಿನ ಸೀಳು ಬಿರಿದು ಒಳಗಿಂದ ಹೊಸ ಜೋಡಿ ಇಣುಕ್ತಿದೆ! ಹಳೇ ಎಲೆ ಪೂರ್ತಿ ಒಣಗೋವರೆಗೂ ನೀರು ಹಾಕೋ ಹಾಗಿಲ್ಲ. ಕುಂಡದ ಚೀಟಿಯಲ್ಲಿ ಬರೀ ‘ಸಕ್ಯುಲೆಂಟ್’ ಅಂತಿದೆ. ಯಾವ ಪ್ರಭೇದ ಅಂತ ಹೇಗೆ ಹೇಳೋದು?

1811ರಲ್ಲಿ ಸಸ್ಯಾನ್ವೇಷಕ ವಿಲಿಯಂ ಬರ್ಚೆಲ್ ದಕ್ಷಿಣ ಆಫ್ರಿಕಾದ ಒಣನೆಲದಲ್ಲಿ ವಿಚಿತ್ರ ಕಲ್ಲು ಅಂತ ಎತ್ತಿಕೊಂಡದ್ದು ಇಂಥದ್ದೇ ಗಿಡ. 1922ರಲ್ಲಿ ಸಸ್ಯವಿಜ್ಞಾನಿ ಎನ್. ಇ. ಬ್ರೌನ್ ಲಿಥಾಪ್ಸ್ ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ಕಲ್ಲುಮೊಗದ್ದು ಅಂತ. ಮುಂದೆ ಇವನ್ನು ಕೂಲಂಕಷವಾಗಿ ವಿಂಗಡಿಸಿದ ಡೆಸ್ಮಂಡ್ ಕೋಲ್ ವೃತ್ತಿಯಲ್ಲಿ ಆಫ್ರಿಕನ್ ಭಾಷೆಗಳ ಪ್ರೊಫೆಸರ್! ಹೆಂಡತಿ ನೌರೀನ್ ಜೊತೆ ಅಲೆದಲೆದು, ಗಿಡ ಸಿಕ್ಕಿದ ಒಂದೊಂದು ನೆಲೆಗೂ ಒಂದೊಂದು ನಂಬರ್ ಕೊಟ್ಟರು. ಯಾಕಂದ್ರೆ ಒಂದೇ ಪ್ರಭೇದ ಒಂದು ಕಡೆ ಬೂದು, ಇನ್ನೊಂದು ಕಡೆ ಕೆಂಪು. ಬಣ್ಣ ನೋಡಿ ಹೆಸರು ಹೇಳಿದ್ರೆ ತಪ್ಪೋದೇ ಹೆಚ್ಚು.

ನಮ್ಮಲ್ಲಿ ಯಾರಾದ್ರೂ ಪರಿಚಯವಾದ್ರೆ ಮೊದಲು ‘ಯಾವೂರು?’ ಅಂತ ಕೇಳ್ತೀವಲ್ಲ, ಇವಕ್ಕೂ ಅದೇ ಕೇಳಬೇಕು ಅನ್ನಿಸ್ತು. ನರ್ಸರಿಯವರು ದಯವಿಟ್ಟು ಅದನ್ನೂ ಬರೆದು ಕೊಡಲಿ.

ನಿಮ್ಮ ಮನೆ ಕುಂಡದ ಚೀಟಿಗಳಲ್ಲಿ ಏನಿದೆ, ನೋಡಿ ಹೇಳ್ತೀರಾ?